ಐದು ಮನೆಗಳ ಸಂಗೀತ ಪಯಣ: ಟಾಫೆಲ್‌ಮ್ಯೂಸಿಕ್ ವಾದ್ಯವೃಂದದ ‘ಹೌಸ್ ಆಫ್ ಡ್ರೀಮ್ಸ್’

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಯುರೋಪಿನಲ್ಲಿ ಒಂದು ವಾದ್ಯವೃಂದವು ಊರಿಂದ ಊರಿಗೆ ಸಂಚರಿಸುತ್ತ, ಲಂಡನ್, ವೆನಿಸ್, ಡೆಲ್ಫ್ಟ್, ಪ್ಯಾರಿಸ್ ಮತ್ತು ಲೈಪ್‌ಸಿಗ್ ನಗರಗಳ ಐದು ಮನೆಗಳಿಗೆ ಅತಿಥಿಯಾಗಿ ಹೋಗಿ, ಆಯಾ ಮನೆಯ ಗೋಡೆಯ ಮೇಲಿನ ಚಿತ್ರಗಳ ಎದುರಿನಲ್ಲಿಯೇ ಆಯಾ ಊರಿನ ಸಂಗೀತವನ್ನು ನುಡಿಸಿದರೆ ಹೇಗಿದ್ದೀತು? ಕೆನಡಾದ ಟೊರಾಂಟೊ ನಗರದ ಟಾಫೆಲ್‌ಮ್ಯೂಸಿಕ್ ಬರೋಕ್ ವಾದ್ಯವೃಂದವು 2012ರಲ್ಲಿ ರಂಗಕ್ಕೆ ತಂದ ‘ಹೌಸ್ ಆಫ್ ಡ್ರೀಮ್ಸ್’ ಈ ಕಲ್ಪನೆಯ ಮೇಲೆ ನಿಂತ ಪ್ರಯೋಗ. ಡಿವಿಡಿಯಾಗಿಯೂ ಹೊರಬಂದಿರುವುದರಿಂದ ಟೊರಾಂಟೊದಿಂದ ದೂರವಿರುವ ನಮ್ಮಂಥವರಿಗೂ ಅದನ್ನು ನೋಡುವ ಅವಕಾಶವಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರಿಚಯ ಅಷ್ಟಾಗಿ ಇಲ್ಲದ ಕನ್ನಡದ ಕೇಳುಗರಿಗೆ ಬರೋಕ್ ಯುಗದ, ಎಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತದ, ಬಾಗಿಲು ತೆರೆಯಲು ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಕಂಡಿಲ್ಲ. ಆ ಸಂಗೀತವನ್ನು ಚೆನ್ನಾಗಿ ಬಲ್ಲವರಿಗೂ ಇದರಲ್ಲಿ ಹೊಸದಾಗಿ ಕೇಳಿಸಿಕೊಳ್ಳುವಂಥದ್ದು ಸಾಕಷ್ಟಿದೆ.

ಮೊದಲು ಹೇಳಲೇಬೇಕಾದ ಸಂಗತಿಯೆಂದರೆ ವಾದಕರ ಮುಂದೆ ಸ್ವರಲಿಪಿಯ ಹಾಳೆಗಳಿಲ್ಲ, ಅವುಗಳನ್ನಿಡುವ ಸ್ಟ್ಯಾಂಡುಗಳೂ ಇಲ್ಲ. ಇಡೀ ಕಾರ್ಯಕ್ರಮವನ್ನು ಅವರು ಕಂಠಪಾಠದಿಂದ ನುಡಿಸುತ್ತಾರೆ. ಕರ್ನಾಟಕ ಸಂಗೀತದ ಕಛೇರಿಗಳಿಗೆ ಹೋಗಿ ಅಭ್ಯಾಸವಿರುವ ನಮಗೆ ಇದರಲ್ಲಿ ಏನು ವಿಶೇಷ ಎನಿಸಬಹುದು. ಪುಸ್ತಕ ನೋಡಿಕೊಂಡು ಹಾಡುವುದೇ ನಮ್ಮಲ್ಲಿ ಕೊರತೆ ಎನಿಸಿಕೊಳ್ಳುತ್ತದೆ. ಆದರೆ ಪಾಶ್ಚಾತ್ಯ ವಾದ್ಯವೃಂದದ ಪದ್ಧತಿಯೇ ಬೇರೆ. ಅಲ್ಲಿ ಏಕವ್ಯಕ್ತಿ ವಾದಕರು ಕಂಠಪಾಠದಿಂದ ನುಡಿಸುವುದುಂಟು, ಆದರೆ ವೃಂದದ ಒಳಗಿನ ಎರಡನೆಯ ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ, ಆಳದ ದನಿಯ ಡಬಲ್ ಬೇಸ್ ನುಡಿಸುವವರು ಹಾಳೆಯನ್ನು ನೋಡಿಯೇ ನುಡಿಸುವುದು ರೂಢಿ. ಅವರ ಪಾಲಿಗೆ ಬರುವುದು ಪೂರ್ಣ ರಾಗದ ಎಳೆಯಲ್ಲ, ನಡುನಡುವೆ ನಿಂತು ಮತ್ತೆ ಸೇರಿಕೊಳ್ಳುವ ಒಳದನಿ. ಅಂಥ ಒಳದನಿಯನ್ನು ಒಂದು ಇಡೀ ಸಂಜೆಯ ಮಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳಬೇಕಾದರೆ ಪ್ರತಿಯೊಬ್ಬರಿಗೂ ಉಳಿದವರೆಲ್ಲರ ಪಾಲು ಮನದಟ್ಟಾಗಿರಬೇಕು. ಈ ಶ್ರಮದ ಫಲವು ರಂಗದ ಮೇಲೆ ಕಣ್ಣಿಗೆ ಕಾಣುತ್ತದೆ. ವಾದಕರು ನಿಂತು, ನಡೆದಾಡಿ, ಗುಂಪುಗೂಡಿ, ಚದುರಿ ನುಡಿಸುತ್ತಾರೆ. ಒಂದು ಸ್ವರಪುಂಜವನ್ನು ಒಬ್ಬರು ಎತ್ತಿಕೊಟ್ಟಾಗ ಅದನ್ನು ಸ್ವೀಕರಿಸುವವರ ಮುಖ ಅವರ ಕಡೆಗೇ ತಿರುಗಿರುತ್ತದೆ. ಹಾಳೆಯ ಮೇಲೆ ನೆಟ್ಟಿರುತ್ತಿದ್ದ ಕಣ್ಣುಗಳು ಒಬ್ಬರನ್ನೊಬ್ಬರು ನೋಡತೊಡಗಿದಾಗ ಸಂಗೀತದ ಸಂವಾದ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದು ಮೊದಲ ಬಾರಿಗೆ ಕೇಳುವವರಿಗೂ ತಿಳಿಯುತ್ತದೆ. ಸಂಚಾರಿ ವಾದಕರೆಂಬ ಕಲ್ಪನೆಯನ್ನು ನಂಬುವಂತೆ ಮಾಡುವುದು ವೇಷಭೂಷಣವಲ್ಲ, ಈ ಸ್ವಾತಂತ್ರ್ಯ.

ನಾದದ ಬಗ್ಗೆಯೂ ಒಂದೆರಡು ಮಾತು ಅಗತ್ಯ. 1979ರಲ್ಲಿ ಆರಂಭವಾದ ಟಾಫೆಲ್‌ಮ್ಯೂಸಿಕ್, ಬರೋಕ್ ಕಾಲದ ವಾದ್ಯಗಳನ್ನೂ ಅವುಗಳ ಮಾದರಿಯಲ್ಲಿ ಹೊಸದಾಗಿ ಮಾಡಿದ ವಾದ್ಯಗಳನ್ನೂ ಬಳಸುವ ತಂಡ. ಲೋಹದ ತಂತಿಗಳ ಬದಲು ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ, ಹೊರಕ್ಕೆ ಬಾಗಿದ ಹಗುರವಾದ ಕಮಾನು, ಇಂದಿನ ಶ್ರುತಿಗಿಂತ ಸುಮಾರು ಅರ್ಧ ಸ್ವರ ತಗ್ಗಿದ ಶ್ರುತಿ, ಇವೆಲ್ಲ ಸೇರಿ ಬರುವ ನಾದವು ಅಬ್ಬರವಿಲ್ಲದ, ಆದರೆ ಮಾತಿನಂತೆ ಒತ್ತಕ್ಷರಗಳು ಸ್ಪಷ್ಟವಾಗಿರುವ ನಾದ. ದೊಡ್ಡ ಸಭಾಂಗಣವನ್ನು ತುಂಬುವುದಕ್ಕಿಂತ ಒಂದು ಮನೆಯ ಹಜಾರವನ್ನು ತುಂಬುವುದಕ್ಕೆ ಹೇಳಿಮಾಡಿಸಿದ ದನಿ ಅದು. ಮನೆಗಳನ್ನೇ ವಸ್ತುವಾಗಿಸಿಕೊಂಡ ಪ್ರಯೋಗಕ್ಕೆ ಈ ವಾದ್ಯಗಳಲ್ಲದೆ ಬೇರೆ ವಾದ್ಯಗಳು ಒಪ್ಪುತ್ತಿರಲಿಲ್ಲ.

ಇಡೀ ಪ್ರಯೋಗವನ್ನು ಕಲ್ಪಿಸಿ, ಬರಹವನ್ನೂ ಸಂಗೀತದ ಆಯ್ಕೆಯನ್ನೂ ಹೆಣೆದವರು ಆಗ ಇದೇ ತಂಡದ ಡಬಲ್ ಬೇಸ್ ವಾದಕಿಯಾಗಿದ್ದ ಆಲಿಸನ್ ಮಕೈ. ಅಂತರರಾಷ್ಟ್ರೀಯ ಖಗೋಳವಿಜ್ಞಾನ ವರ್ಷವಾಗಿದ್ದ 2009ರಲ್ಲಿ ಅವರು ‘ಗೆಲಿಲಿಯೋ ಪ್ರಾಜೆಕ್ಟ್’ ಎಂಬ ಪ್ರಯೋಗವನ್ನು ರೂಪಿಸಿದ್ದರು. ವೃಂದವು ಕಂಠಪಾಠದಿಂದ ನುಡಿಸುವ ಪದ್ಧತಿ ಬೇರೂರಿದ್ದು ಅಲ್ಲಿಂದ. ‘ಹೌಸ್ ಆಫ್ ಡ್ರೀಮ್ಸ್’ ಅದೇ ದಾರಿಯಲ್ಲಿ ಮುಂದಿಟ್ಟ ಹೆಜ್ಜೆ. ಸಂಗೀತದ ಸಾರಥ್ಯ ಜೀನ್ ಲಾಮನ್ ಅವರದು. 1981ರಿಂದ ಮೂರು ದಶಕಗಳಿಗೂ ಮಿಗಿಲಾಗಿ ಈ ತಂಡವನ್ನು ಮುನ್ನಡೆಸಿ, 2021ರಲ್ಲಿ ತೀರಿಕೊಂಡ ಅವರು ಇಲ್ಲಿ ಕೈಬೀಸಿ ನಿರ್ದೇಶಿಸುವುದಿಲ್ಲ; ಪಿಟೀಲು ಹಿಡಿದು ವೃಂದದ ನಡುವಿನಲ್ಲಿಯೇ ಇದ್ದು, ಉಸಿರಿನ ಸನ್ನೆಯಿಂದ, ಕಮಾನಿನ ಎತ್ತುಗಡೆಯಿಂದ ಎಲ್ಲರನ್ನೂ ಒಟ್ಟಿಗೆ ಹಿಡಿದಿಡುತ್ತಾರೆ. ಅವರನ್ನು ಗಮನಿಸುವುದೇ ಒಂದು ಪಾಠ. ರಂಗನಿರ್ದೇಶನ ಮಾರ್ಷಲ್ ಪಿನ್‌ಕೋಸ್ಕಿ, ರಂಗವಿನ್ಯಾಸ ಗ್ಲೆನ್ ಡೇವಿಡ್‌ಸನ್, ಪರದೆಯ ಮೇಲಿನ ಚಿತ್ರಗಳ ವಿನ್ಯಾಸ ರಹಾ ಜವಾನ್‌ಫರ್, ನಿರೂಪಣೆ ಬ್ಲೇರ್ ವಿಲಿಯಮ್ಸ್.

ಐದು ಮನೆಗಳಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಹಾಲೆಂಡಿನ ಡೆಲ್ಫ್ಟಿನ ಮನೆಯಲ್ಲಿ. ಊರಿನ ಮಾರುಕಟ್ಟೆ ಚೌಕದಲ್ಲಿದ್ದ, ‘ಚಿನ್ನದ ಎಬಿಸಿ’ ಎಂಬ ಹೆಸರಿನ ಮುದ್ರಣಾಲಯವದು. ಅರಮನೆಯಲ್ಲ, ಶ್ರೀಮಂತರ ಸೌಧವೂ ಅಲ್ಲ. ಅಲ್ಲಿದ್ದ ಮುದ್ರಕ ಯಾಕೋಬ್ ಡಿಸಿಯುಸ್ ಎಂಬಾತನ ಹೆಂಡತಿ ತೀರಿಕೊಂಡ ಮೇಲೆ 1683ರಲ್ಲಿ ಮಾಡಿದ ಆಸ್ತಿಪಟ್ಟಿಯಲ್ಲಿ ಅದೇ ಊರಿನ ಚಿತ್ರಕಾರ ಯೊಹಾನ್ನೆಸ್ ವರ್ಮೀರ್ ಬರೆದ ಇಪ್ಪತ್ತು ಚಿತ್ರಗಳು ದಾಖಲಾಗಿವೆ. ಇಂದು ಜಗತ್ತಿನಲ್ಲಿ ವರ್ಮೀರ್ ಚಿತ್ರಗಳೆಂದು ಒಪ್ಪಿಕೊಂಡಿರುವವು ನಾಲ್ಕು ಡಜನ್‌ಗಿಂತ ಕಡಿಮೆ ಎಂಬುದನ್ನು ನೆನೆದರೆ, ಒಬ್ಬ ಮುದ್ರಕನ ಮನೆಯ ಗೋಡೆಗಳಲ್ಲಿ ಏನೇನಿತ್ತೆಂಬುದು ಅರಿವಾಗುತ್ತದೆ. ವರ್ಮೀರ್ ಮಾತ್ರ 1675ರಲ್ಲಿ ಸಾಲದಲ್ಲಿಯೇ ಸತ್ತವನು. ರೊಟ್ಟಿಯ ಬಾಕಿಗೆ ಬದಲಾಗಿ ಊರಿನ ರೊಟ್ಟಿಯಂಗಡಿಯವನಿಗೆ ಅವನ ವಿಧವೆ ಎರಡು ಚಿತ್ರಗಳನ್ನು ಒಪ್ಪಿಸಬೇಕಾಯಿತು, ಅವುಗಳಲ್ಲಿ ಒಂದು ತಂತಿವಾದ್ಯ ನುಡಿಸುವವರ ಚಿತ್ರವಾಗಿತ್ತು. ಡಿಸಿಯುಸ್ ಸತ್ತ ಮರುವರ್ಷ, 1696ರ ಮೇ ತಿಂಗಳಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಒಂದೇ ಹರಾಜಿನಲ್ಲಿ ವರ್ಮೀರನ ಇಪ್ಪತ್ತೊಂದು ಚಿತ್ರಗಳು ಕೈಬದಲಾಯಿಸಿ ಚದುರಿಹೋದವು.

ಈ ಭಾಗಕ್ಕೆ ಡಚ್ ಸಂಗೀತಗಾರ ಯಾನ್ ಪೀಟರ್‌ಸೂನ್ ಸ್ವೇಲಿಂಕ್ ಅವರನ್ನು ನೆನೆಯುವುದು ಅತ್ಯಂತ ಉಚಿತ. ಆಮ್‌ಸ್ಟರ್‌ಡ್ಯಾಮಿನ ಹಳೆಯ ಚರ್ಚಿನಲ್ಲಿ ಬದುಕಿನುದ್ದಕ್ಕೂ ಆರ್ಗನ್ ನುಡಿಸಿದ ಸ್ವೇಲಿಂಕ್ ಊರು ಬಿಟ್ಟು ಹೋದದ್ದು ಅಪರೂಪ. 1604ರಲ್ಲಿ ನಗರದ ಪರವಾಗಿ ಒಂದು ಹಾರ್ಪ್ಸಿಕಾರ್ಡ್ (ತಂತಿಗಳನ್ನು ಮೀಟಿ ನುಡಿಯುವ ಕೀಲಿಮಣೆ ವಾದ್ಯ) ಕೊಳ್ಳಲು ಆಂಟ್‌ವರ್ಪ್‌ಗೆ ಹೋಗಿದ್ದರು. ಆ ವಾದ್ಯದ ಮುಚ್ಚಳದ ಮೇಲೆ ಪೀಟರ್ ಇಸಾಕ್ಸ್ ಎಂಬ ಕಲಾವಿದ ಬರೆದ ಚಿತ್ರ ಇಂದಿಗೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್‌ನಲ್ಲಿದೆ. ಅದರಲ್ಲಿ ಆ ನಗರವು ಲೋಕವ್ಯಾಪಾರದ ಕೇಂದ್ರವಾಗಿ ಸ್ತ್ರೀರೂಪದಲ್ಲಿ ಕುಳಿತಿದೆ. ವಾದ್ಯದ ಮೇಲೆ ಚಿತ್ರ, ಚಿತ್ರದೊಳಗೆ ವಾದ್ಯ, ಎರಡರ ಹಿಂದೆಯೂ ಹಡಗುಗಳ ವ್ಯಾಪಾರ: ಆ ಕಾಲದ ಹಾಲೆಂಡನ್ನು ಅರಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ವರ್ಮೀರ್ ಚಿತ್ರಗಳಲ್ಲಿ ಎಡಬದಿಯ ಕಿಟಕಿಯಿಂದ ಬೀಳುವ ಬೆಳಕು ಪರದೆಯ ಮೇಲೆ ಹರಡಿದಾಗ ವೃಂದವು ತನ್ನ ದನಿಯನ್ನು ತಗ್ಗಿಸಿಕೊಳ್ಳುತ್ತದೆ, ಕೆಲವೇ ವಾದ್ಯಗಳು ಉಳಿಯುತ್ತವೆ. ಇಷ್ಟು ದೊಡ್ಡ ಚಿತ್ರವನ್ನು ಹಿನ್ನೆಲೆಗೆ ಇಟ್ಟಾಗ ಸಂಗೀತವನ್ನೂ ದೊಡ್ಡದು ಮಾಡುವ ಆಸೆ ಯಾರಿಗಾದರೂ ಬರುತ್ತಿತ್ತು; ಅದನ್ನು ತಡೆದುಕೊಂಡದ್ದರಲ್ಲಿ ಈ ತಂಡದ ಅಭಿರುಚಿ ತಿಳಿಯುತ್ತದೆ.

ವೆನಿಸಿನ ಮನೆ ಡೆಲ್ಫ್ಟಿನ ಮನೆಗೆ ನೇರವಾಗಿ ತಳಕು ಹಾಕಿಕೊಂಡಿದೆ, ಇಡೀ ಪ್ರಯೋಗದ ಬೆನ್ನೆಲುಬು ಈ ಸಂಬಂಧವೇ. ದೊಡ್ಡ ಕಾಲುವೆಯ ದಂಡೆಯಲ್ಲಿರುವ ಆ ಮನೆ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವರ್ತಕನದು. ಮುಂದೆ ವೆನಿಸಿನಲ್ಲಿ ಬ್ರಿಟನ್ನಿನ ಕಾನ್ಸಲ್ ಆದ ಈತ ಕನಲೆಟ್ಟೊ ಎಂಬ ಚಿತ್ರಕಾರನಿಗೆ ಆಶ್ರಯದಾತ, ದಲ್ಲಾಳಿ ಎರಡೂ ಆಗಿದ್ದ. ಇಂಗ್ಲೆಂಡಿನಿಂದ ಯುರೋಪ್ ಪ್ರವಾಸಕ್ಕೆ ಬರುತ್ತಿದ್ದ ಸಿರಿವಂತ ತರುಣರು ಊರಿಗೆ ಮರಳುವಾಗ ವೆನಿಸಿನ ಕಾಲುವೆಗಳ ನೋಟವೊಂದನ್ನು ಕೊಂಡೊಯ್ಯುವುದು ಈತನ ಮೂಲಕವೇ ನಡೆಯುತ್ತಿತ್ತು. ಡಿಸಿಯುಸ್ ಹರಾಜಿನಲ್ಲಿ ಚದುರಿದ ವರ್ಮೀರ್ ಚಿತ್ರಗಳಲ್ಲಿ ‘ಸಂಗೀತ ಪಾಠ’ವೂ ಇತ್ತೆಂದು ಗುರುತಿಸಲಾಗಿದೆ. ಅದು ಪೆಲ್ಲೆಗ್ರೀನಿ ಎಂಬ ವೆನಿಸಿನ ಚಿತ್ರಕಾರನ ಕೈಸೇರಿ, ಅಲ್ಲಿಂದ ಸ್ಮಿತ್‌ನ ಮನೆಗೆ ಬಂತು. 1762ರಲ್ಲಿ ಸ್ಮಿತ್ ತನ್ನ ಸಂಗ್ರಹವನ್ನು ಮೂರನೆಯ ಜಾರ್ಜ್ ದೊರೆಗೆ 20,000 ಪೌಂಡುಗಳಿಗೆ ಮಾರಿದಾಗ ಕನಲೆಟ್ಟೊ ಚಿತ್ರಗಳ ಜೊತೆ ಅದೂ ಲಂಡನ್ನಿಗೆ ಹೋಯಿತು. ಆದರೆ ಅದನ್ನು ವರ್ಮೀರ್ ಬರೆದನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ, ಬೇರೊಬ್ಬ ಡಚ್ ಚಿತ್ರಕಾರನ ಹೆಸರಿನಲ್ಲಿ ಅದು ಅರಮನೆ ಸೇರಿತು. ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿಯೇ ಇದೆ. ಬೆನ್ನು ತಿರುಗಿಸಿ ನಿಂತು ವರ್ಜಿನಲ್ ಎಂಬ ಹಾರ್ಪ್ಸಿಕಾರ್ಡ್ ಜಾತಿಯ ಸಣ್ಣ ವಾದ್ಯ ನುಡಿಸುತ್ತಿರುವ ಹೆಣ್ಣುಮಗಳು, ಪಕ್ಕದಲ್ಲಿ ನಿಂತು ಕೇಳುತ್ತಿರುವ ಗಂಡಸು, ಗೋಡೆಯ ಕನ್ನಡಿಯಲ್ಲಿ ಕಾಣುವ ಅವಳ ಮುಖ, ನೆಲದ ಮೇಲೆ ಯಾರೂ ಕೈಗೆತ್ತಿಕೊಳ್ಳದೆ ಮಲಗಿರುವ ವಿಯೋಲ್ ಎಂಬ ಕಮಾನಿನ ತಂತಿವಾದ್ಯ. ವರ್ಜಿನಲ್‌ನ ಮುಚ್ಚಳದ ಮೇಲೆ, ಸಂಗೀತವು ಸಂತೋಷಕ್ಕೆ ಸಂಗಾತಿ, ದುಃಖಕ್ಕೆ ಮದ್ದು ಎಂಬ ಲ್ಯಾಟಿನ್ ಬರಹ. ಒಂದು ಚಿತ್ರವೇ ಡೆಲ್ಫ್ಟಿನಿಂದ ಆಮ್‌ಸ್ಟರ್‌ಡ್ಯಾಮಿಗೆ, ವೆನಿಸಿಗೆ, ಲಂಡನ್ನಿಗೆ ಸಂಚರಿಸಿದೆ ಎಂದು ತಿಳಿದ ಮೇಲೆ, ವಾದಕರನ್ನು ಅದೇ ದಾರಿಯಲ್ಲಿ ನಡೆಸುವ ಈ ಪ್ರಯೋಗದ ಕಲ್ಪನೆ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ಸಂಗೀತವೂ ಹಾಗೆಯೇ ಸಂಚರಿಸಿತು, ಎಷ್ಟೋ ಸಲ ಸಂಗೀತಗಾರನನ್ನು ಹಿಂದೆ ಬಿಟ್ಟು. ವೆನಿಸಿನ ಆಂಟೋನಿಯೋ ವಿವಾಲ್ಡಿಯ ಹನ್ನೆರಡು ಕನ್ಸರ್ಟೊಗಳ (ಒಂದೋ ಕೆಲವೋ ಏಕವಾದ್ಯಗಳು ಇಡೀ ವೃಂದದೊಡನೆ ಸಂವಾದಿಸುವ ಕೃತಿಗಳ) ಹೆಸರಾಂತ ಸಂಪುಟ 1711ರಲ್ಲಿ ಅಚ್ಚಾದದ್ದು ವೆನಿಸಿನಲ್ಲಲ್ಲ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅವುಗಳಲ್ಲಿ ಕೆಲವನ್ನು ಜರ್ಮನಿಯ ವೈಮಾರ್ ಆಸ್ಥಾನದಲ್ಲಿದ್ದ ಯೊಹಾನ್ ಸೆಬಾಸ್ಟಿಯನ್ ಬಾಕ್ ಕೀಲಿಮಣೆ ವಾದ್ಯಗಳಿಗೆ ಅಳವಡಿಸಿಕೊಂಡು ಕಲಿತ. ಬಾಕ್ ಆಲ್ಪ್ಸ್ ದಾಟಿ ಇಟಲಿಗೆ ಒಮ್ಮೆಯೂ ಹೋದವನಲ್ಲ. ಇಟಲಿಯೇ ಅಚ್ಚಿನ ಹಾಳೆಗಳಾಗಿ ಅವನ ಮೇಜಿಗೆ ಬಂದಿತ್ತು. ಇಲ್ಲಿ ವಿವಾಲ್ಡಿಯನ್ನೂ ಬಾಕ್‌ನನ್ನೂ ಒಂದೇ ಸಂಜೆ, ಒಂದೇ ತಂಡದಿಂದ ಕೇಳುವಾಗ ಈ ಗುರುಶಿಷ್ಯ ಸಂಬಂಧ ಕಿವಿಗೆ ಗೋಚರಿಸುತ್ತದೆ. ವಿವಾಲ್ಡಿಯಲ್ಲಿ ಇಡೀ ವೃಂದ ಹಿಂತಿರುಗಿ ಬಂದು ನುಡಿಸುವ ಪಲ್ಲವಿಯಂಥ ಭಾಗವೂ ಏಕವಾದ್ಯದ ಓಟವೂ ಬೇರೆಬೇರೆಯಾಗಿ ನಿಲ್ಲುತ್ತವೆ. ಬಾಕ್‌ನಲ್ಲಿ ಅವೆರಡೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ವಾದಕರು ರಂಗದ ಮೇಲೆ ನಿಲ್ಲುವ ಜಾಗ ಬದಲಾಗುತ್ತಿದ್ದಂತೆ ಈ ವ್ಯತ್ಯಾಸ ಕಣ್ಣಿಗೂ ತಿಳಿಯುತ್ತದೆ. ಪಾಠ ಹೇಳದೆ ಪಾಠ ಕಲಿಸುವ ರೀತಿ ಇದು.

ಲಂಡನ್ನಿನ ಮನೆ ಬ್ರೂಕ್ ಸ್ಟ್ರೀಟಿನ 25ನೆಯ ನಂಬರಿನದು. ಜರ್ಮನಿಯಲ್ಲಿ ಹುಟ್ಟಿ, ಇಟಲಿಯಲ್ಲಿ ಪಳಗಿ, ಇಂಗ್ಲೆಂಡಿನಲ್ಲಿ ನೆಲೆನಿಂತ ಸಂಗೀತಗಾರ ಹ್ಯಾಂಡಲ್ 1723ರಿಂದ 1759ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದ. ಇಲ್ಲಿ ಬರುವ ಸಂಗೀತಗಾರರ ಪೈಕಿ ನಿಜವಾದ ಅರ್ಥದಲ್ಲಿ ದೇಶ ಸುತ್ತಿದವನು ಅವನೇ. ಅವನು ಚಿತ್ರಗಳ ದೊಡ್ಡ ಸಂಗ್ರಾಹಕನೂ ಆಗಿದ್ದನೆಂಬುದು ಅನೇಕರಿಗೆ ತಿಳಿದಿಲ್ಲ. ತನಗೆ ಗೆಳೆಯನೊಬ್ಬ ಕಾಣಿಕೆಯಾಗಿ ಕೊಟ್ಟಿದ್ದ, ಡಚ್ ಚಿತ್ರಕಾರ ರೆಂಬ್ರಾಂಟ್‌ನದೆಂದು ನಂಬಲಾಗಿದ್ದ ಭೂದೃಶ್ಯವನ್ನು ಅದೇ ಗೆಳೆಯನಿಗೆ ಮರಳಿ ಸೇರಬೇಕೆಂದು ಅವನು ಉಯಿಲಿನಲ್ಲಿ ಬರೆಸಿದ್ದ. ಉಳಿದ ಚಿತ್ರಗಳು ಮರುವರ್ಷ ಹರಾಜಾದವು. ಆ ಮನೆ ಈಗ ವಸ್ತುಸಂಗ್ರಹಾಲಯ. ಹ್ಯಾಂಡಲ್ ಸಂಗೀತ ಬಂದಾಗ ವೃಂದಕ್ಕೆ ಇದ್ದಕ್ಕಿದ್ದಂತೆ ಬಯಲಿನ ಗಾಳಿ ಸಿಕ್ಕಂತಾಗುತ್ತದೆ, ಓಬೋ, ಬಸೂನುಗಳೆಂಬ ಊದುವ ವಾದ್ಯಗಳು ಎದೆ ತೆರೆದು ನುಡಿಯುತ್ತವೆ.

ಪ್ಯಾರಿಸಿನ ಪಲೇ ರಾಯಾಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆರ್ಲಿಯಾನ್ಸ್ ಡ್ಯೂಕರ ಈ ಅರಮನೆಯ ಚಿತ್ರಸಂಗ್ರಹ ಯುರೋಪಿನಲ್ಲಿಯೇ ಹೆಸರಾದದ್ದು, ಅದೇ ಆವರಣದ ರಂಗಮಂದಿರದಲ್ಲಿ ಫ್ರೆಂಚ್ ಆಪೆರಾ ಬೆಳೆದದ್ದು. ಫ್ರೆಂಚ್ ಸಂಗೀತಗಾರ ಮರಾನ್ ಮರೇ ಅವರ ಸಂಗೀತವನ್ನು ತಂಡವು ಸೊಗಸಾಗಿ ನುಡಿಸುತ್ತದೆ, ಚಿತ್ರಕಾರ ವಾಟೊನ ಚಿತ್ರಗಳೂ ಕಣ್ಣಿಗೆ ಹಿತವಾಗಿವೆ. ಆದರೆ ಉಳಿದ ಮನೆಗಳಲ್ಲಿ ಒಬ್ಬ ಮುದ್ರಕ, ಒಬ್ಬ ವರ್ತಕ, ಒಬ್ಬ ಸಂಗೀತಗಾರ ಇದ್ದರೆ ಇಲ್ಲಿರುವುದು ವೈಭವ. ವೈಭವದ ಎದುರು ಮನಸ್ಸು ಅಷ್ಟು ಬೇಗ ಕರಗುವುದಿಲ್ಲ.

ಲೈಪ್‌ಸಿಗ್‌ನ ಮನೆಯಲ್ಲಿ ಆ ಆತ್ಮೀಯತೆ ಪೂರ್ತಿಯಾಗಿ ಮರಳುತ್ತದೆ. ಅದು ಬಾಕ್‌ನ ಮನೆಯಲ್ಲ, ಅವನ ನೆರೆಮನೆ: ಸಂತ ಥಾಮಸರ ಚರ್ಚಿನ ಎದುರಿಗೆ ಇರುವ, ಬೋಸೆ ಎಂಬ ವರ್ತಕ ಕುಟುಂಬದ ಮನೆ. 1723ರಲ್ಲಿ ಲೈಪ್‌ಸಿಗ್‌ಗೆ ಬಂದ ಬಾಕ್ ಕುಟುಂಬಕ್ಕೂ ಈ ಕುಟುಂಬಕ್ಕೂ ಬಹಳ ಹತ್ತಿರದ ಒಡನಾಟವಿತ್ತು. ಬಾಕ್ ಮಕ್ಕಳ ದೀಕ್ಷಾಸ್ನಾನಕ್ಕೆ ಬೋಸೆ ಮನೆಯವರು ಸಾಕ್ಷಿಗಳಾಗಿ ನಿಂತಿದ್ದಾರೆ. ಆ ಮನೆಯಲ್ಲಿ ಬೇಸಿಗೆಯ ಹಜಾರವೊಂದಿದ್ದು, ಅದರ ಚಾವಣಿಯ ಮೇಲ್ಭಾಗದಲ್ಲಿ ಸಂಗೀತಗಾರರು ಕೂತು ನುಡಿಸಿದರೆ ಕೆಳಗಿನವರಿಗೆ ಕೇಳಿಸುವಂಥ ಏರ್ಪಾಡಿದೆ. ಇಂದು ಅದೇ ಕಟ್ಟಡದಲ್ಲಿ ಬಾಕ್ ವಸ್ತುಸಂಗ್ರಹಾಲಯವಿದೆ. ದೊಡ್ಡ ಸಂಗೀತವು ಆಸ್ಥಾನಗಳಲ್ಲಿ ಮಾತ್ರ ಬೆಳೆಯಿತೆಂಬ ನಂಬಿಕೆಯನ್ನು ಅಲುಗಿಸಲು ಈ ಒಂದು ನೆರೆಮನೆ ಸಾಕು. ಬಾಕ್ ಸಂಗೀತದಲ್ಲಿ ಒಳದನಿಗಳಿಗೆ ಸಿಗುವ ಗೌರವವನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆ ದಾಖಲೆಗಳಲ್ಲಿ ಕಂಡದ್ದು ಕಡಿಮೆ, ಏಕೆಂದರೆ ವಿಯೋಲಾ ನುಡಿಸುವವರು ಇಲ್ಲಿ ಹಿಂದಿನ ಸಾಲಿನಲ್ಲಿ ಅಡಗಿಲ್ಲ. ತಮ್ಮ ಎಳೆ ಬಂದಾಗ ಮುಂದೆ ಬರುತ್ತಾರೆ.

ನನ್ನ ಆಕ್ಷೇಪಗಳು ಎರಡು. ಒಂದು, ಕೃತಿಗಳ ಬಿಡಿಭಾಗಗಳ ಬಳಕೆ. ಮೂರು ಭಾಗಗಳ ಒಂದು ಕನ್ಸರ್ಟೊದಲ್ಲಿ ನಿಧಾನಗತಿಯ ನಡುಭಾಗಕ್ಕೆ ಅರ್ಥ ಬರುವುದು ಅದರ ಹಿಂದುಮುಂದಿನ ವೇಗದ ಭಾಗಗಳಿಂದ. ಕಥೆಯ ಅನುಕೂಲಕ್ಕಾಗಿ ಒಂದೊಂದೇ ಭಾಗವನ್ನು ಆಯ್ದುಕೊಂಡು ನುಡಿಸಿದಾಗ, ರಾಗಾಲಾಪನೆ ಕೇಳಿ ಕೃತಿಯಿಲ್ಲದೆ ಎದ್ದುಬಂದಂಥ ಅತೃಪ್ತಿ ಕೆಲವೆಡೆ ಉಳಿಯುತ್ತದೆ. ನಿರೂಪಕನ ದನಿ ಹಿತಮಿತವಾಗಿದ್ದು ಸಂಗೀತದ ಮೇಲೆ ಮಾತು ಹೇರುವುದಿಲ್ಲ ಎಂಬುದು ನಿಜ. ಆದರೂ ಮಾತನ್ನು ಇನ್ನಷ್ಟು ಕಡಿಮೆ ಮಾಡಿ ಒಂದೆರಡು ಕೃತಿಗಳನ್ನಾದರೂ ಪೂರ್ತಿ ನುಡಿಸಬಹುದಿತ್ತು.

ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಈ ಐದೂ ಮನೆಗಳ ಗೋಡೆಗೆ ಚಿತ್ರಗಳನ್ನು ತಂದದ್ದು ಹಣ, ಆ ಹಣ ಎಲ್ಲಿಂದ ಬಂತೆಂಬ ಕಡೆಗೆ ಪ್ರಯೋಗದ ದೃಷ್ಟಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹ್ಯಾಂಡಲ್ ಷೇರು ಹೊಂದಿದ್ದ ಕಂಪನಿಗಳಲ್ಲಿ ಸೌತ್ ಸೀ ಕಂಪನಿಯೂ ರಾಯಲ್ ಆಫ್ರಿಕನ್ ಕಂಪನಿಯೂ ಇದ್ದವು. ಇವೆರಡೂ ಗುಲಾಮರ ವ್ಯಾಪಾರದಲ್ಲಿ ತೊಡಗಿದ್ದವು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಡೆಲ್ಫ್ಟ್ ಕೂಡ ಒಂದು. ವರ್ಮೀರ್ ಕಿಟಕಿಯ ಬೆಳಕನ್ನು ಚಿತ್ರಿಸುತ್ತಿದ್ದ ಆ ದಶಕಗಳಲ್ಲೇ ಅದೇ ಕಂಪನಿಯವರು ಕುಂದಾಪುರದ ಬಳಿಯ ಬಸರೂರಿನಲ್ಲಿ ಕೋಠಿ ಇಟ್ಟುಕೊಂಡು ಕೆಳದಿ ಅರಸರ ಸೀಮೆಯ ಅಕ್ಕಿ ಮತ್ತು ಮೆಣಸನ್ನು ಕೊಳ್ಳುತ್ತಿದ್ದರು. ಆ ಚಿತ್ರಗಳಲ್ಲಿ ಮೇಜಿನ ಮೇಲೆ ಹಾಸಿರುವ ಪೂರ್ವದೇಶದ ರತ್ನಗಂಬಳಿಯನ್ನು ಕನ್ನಡದ ನೋಡುಗರು ಈ ಅರಿವಿಲ್ಲದೆ ನೋಡುವುದು ಸಾಧ್ಯವಿಲ್ಲ. ಇದನ್ನು ಹೇಳಿದ್ದರೆ ಸಂಗೀತದ ಸೊಗಸು ಕಡಿಮೆಯಾಗುತ್ತಿರಲಿಲ್ಲ. ಚಿತ್ರಗಳೂ ಸ್ವರಲಿಪಿಗಳೂ ಸಂಚರಿಸಿದ ದಾರಿಯನ್ನು ಇಷ್ಟು ಶ್ರದ್ಧೆಯಿಂದ ಹುಡುಕಿದವರು ಆ ದಾರಿಯನ್ನು ಕೊನೆಯವರೆಗೆ ನಡೆಯಬೇಕಿತ್ತೆಂಬುದು ನನ್ನ ನಿಲುವು.

ನೋಡುವ ಬಗೆಯ ಬಗ್ಗೆ ಒಂದು ಸಲಹೆ. ಮೊಬೈಲ್ ಪರದೆಯ ಮೇಲೆ ಇದನ್ನು ನೋಡಬೇಡಿ. ಚೌಕಟ್ಟಿನೊಳಗೆ ತೋರಿಸುವ ಚಿತ್ರಗಳ ವಿವರವೂ ಕರುಳತಂತಿಯ ಡಬಲ್ ಬೇಸಿನ ನೆಲದನಿಯೂ ಅಲ್ಲಿ ಸಂಪೂರ್ಣ ಕಳೆದುಹೋಗುತ್ತವೆ. ದೊಡ್ಡ ಪರದೆ, ಒಳ್ಳೆಯ ಸ್ಪೀಕರ್ ಇರುವಲ್ಲಿ, ಸಾಧ್ಯವಾದರೆ ಸಂಗೀತ ಕಲಿಯುತ್ತಿರುವ ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಪಿಟೀಲು ಕಲಿಯುತ್ತಿರುವವರು ಕಮಾನು ಹಿಡಿಯುವ ರೀತಿಯನ್ನು, ಗದ್ದದ ಆಸರೆಯಿಲ್ಲದೆ ವಾದ್ಯವನ್ನು ನಿಲ್ಲಿಸಿಕೊಳ್ಳುವ ರೀತಿಯನ್ನು ವಿಶೇಷವಾಗಿ ಗಮನಿಸಲಿ. ಪೂರ್ಣ ಕೃತಿಗಳನ್ನೇ ಕೇಳಬಯಸುವವರಿಗೆ ಇದು ತಕ್ಕುದಲ್ಲ. ಅವರು ಇದೇ ತಂಡದ ಧ್ವನಿಮುದ್ರಿಕೆಗಳಿಗೆ ಹೋಗುವುದು ಒಳ್ಳೆಯದು. ಇಡೀ ಪ್ರಯೋಗಕ್ಕೆ ಒಂದೇ ಬಾರಿಗೆ ಬಿಡುವು ಸಿಗದವರು ವೆನಿಸ್ ಮತ್ತು ಡೆಲ್ಫ್ಟ್ ಭಾಗಗಳನ್ನು ಒಟ್ಟಿಗೆ ನೋಡಲಿ, ಪ್ಯಾರಿಸನ್ನು ಮುಂದಕ್ಕೆ ಹಾಕಿದರೂ ನಷ್ಟವಿಲ್ಲ. ಆದರೆ ಲೈಪ್‌ಸಿಗ್ ಭಾಗವನ್ನು ಮಾತ್ರ ವಿವಾಲ್ಡಿಯನ್ನು ಕೇಳಿದ ದಿನವೇ ಕೇಳಬೇಕು.